ಐಟಿಗೆ ಬರುವ ಹೆಣ್ಣುಮಕ್ಕಳು, ಐಟಿ ಬಿಡುವ ಹೆಣ್ಣುಮಕ್ಕಳು

ಐಟಿ ಕ್ಷೇತ್ರದಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಹೆಚ್ಚಬೇಕು ಎಂಬ ಚರ್ಚೆ ಶುರುವಾದರೆ ಮಾತು ನೇರವಾಗಿ ಶಾಲೆಗೆ ಹೋಗಿ ನಿಲ್ಲುತ್ತದೆ. ಹುಡುಗಿಯರಿಗೆ ಕೋಡಿಂಗ್ ಕಲಿಸೋಣ, ಶಿಬಿರ ಮಾಡೋಣ, ಯಶಸ್ಸು ಕಂಡ ಮಹಿಳೆಯೊಬ್ಬರನ್ನು ಕರೆಸಿ ಭಾಷಣ ಮಾಡಿಸೋಣ, ಗೋಡೆಗೊಂದು ಪೋಸ್ಟರ್ ಅಂಟಿಸೋಣ. ಇವೆಲ್ಲ ಕೆಟ್ಟ ಕೆಲಸಗಳೇನಲ್ಲ. ಆದರೆ ಇವುಗಳ ಹಿಂದೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಕೂತಿದೆ: ಕೊರತೆ ಇರುವುದು ಹುಡುಗಿಯರಲ್ಲಿ. ಅವರಿಗೆ ಆಸಕ್ತಿ ಕಡಿಮೆ, ಧೈರ್ಯ ಕಡಿಮೆ, ಮಾಹಿತಿ ಕಡಿಮೆ. ಅಷ್ಟನ್ನು ತುಂಬಿಕೊಟ್ಟರೆ ಉಳಿದದ್ದು ತಾನಾಗಿ ಆಗುತ್ತದೆ. ಕಂಪ್ಯೂಟರಿನ ಇತಿಹಾಸವನ್ನು ಸ್ವಲ್ಪ ತಿರುವಿ ಹಾಕಿದರೂ ಈ ನಂಬಿಕೆ ಉಳಿಯುವುದಿಲ್ಲ.

1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎನಿಯಾಕ್ ಎಂಬ, ಕೋಣೆ ತುಂಬುವ ಆರಂಭಿಕ ಎಲೆಕ್ಟ್ರಾನಿಕ್ ಕಂಪ್ಯೂಟರನ್ನು ಸಾರ್ವಜನಿಕರ ಮುಂದೆ ಓಡಿಸಿ ತೋರಿಸಲಾಯಿತು. ಅದರ ಪ್ರೋಗ್ರಾಮಿಂಗ್ ಕೆಲಸಕ್ಕೆ ಆರಿಸಿದ್ದು ಆರು ಮಂದಿ ಹೆಂಗಸರನ್ನು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್‌ಮನ್. ಆಗ ಪ್ರೋಗ್ರಾಮಿಂಗ್ ಭಾಷೆ ಇರಲಿಲ್ಲ, ಕೈಪಿಡಿಯೂ ಇರಲಿಲ್ಲ. ಯಂತ್ರದ ನಕ್ಷೆಗಳನ್ನು ಮುಂದೆ ಹರಡಿಕೊಂಡು, ಯಾವ ಕೇಬಲ್ ಎಲ್ಲಿಗೆ ಚುಚ್ಚಬೇಕು, ಯಾವ ಸ್ವಿಚ್ ಎಷ್ಟಕ್ಕೆ ತಿರುಗಿಸಬೇಕು ಎಂದು ತಾವೇ ತರ್ಕ ಮಾಡಿ ಕಲಿತರು. ಪ್ರದರ್ಶನದ ದಿನ ಜನ ಬೆರಗಾಗಿ ನೋಡಿದ, ಫಿರಂಗಿ ಗುಂಡು ಸಾಗುವ ಪಥದ ಲೆಕ್ಕ ಅವರ ಕೈಕೆಲಸ. ಆ ರಾತ್ರಿಯ ಔತಣಕ್ಕೆ ಅವರಿಗೆ ಕರೆ ಬರಲಿಲ್ಲ. ಹಳೆಯ ಫೋಟೋಗಳಲ್ಲಿ ಯಂತ್ರದ ಪಕ್ಕ ನಿಂತ ಈ ಹೆಂಗಸರು ಯಾರು ಎಂದು ಹುಡುಕಿ ಹೇಳುವುದಕ್ಕೆ ದಶಕಗಳೇ ಬೇಕಾದವು.

ಅವರಿಗೆ ಆ ಕೆಲಸ ಸಿಕ್ಕಿದ್ದು ಯಾರ ಉದಾರತೆಯಿಂದಲೂ ಅಲ್ಲ. ಯಂತ್ರ ಕಟ್ಟುವುದು ಇಂಜಿನಿಯರಿಂಗ್, ಅದನ್ನು ಓಡಿಸುವುದು ಗುಮಾಸ್ತಗಿರಿ ಎಂದು ಆಗಿನವರು ತಿಳಿದಿದ್ದರು, ಅಷ್ಟೆ. 1952ರಲ್ಲಿ ಅಮೆರಿಕದ ಪ್ರೋಗ್ರಾಮರ್ ಗ್ರೇಸ್ ಹಾಪರ್, ಮನುಷ್ಯ ಬರೆದ ಸೂಚನೆಗಳನ್ನು ಯಂತ್ರದ ಭಾಷೆಗೆ ಬದಲಿಸುವ ಕಂಪೈಲರ್‌ಗಳಲ್ಲಿ ಮೊದಲಿನವುಗಳಲ್ಲೊಂದಾದ ಎ-0 ರೂಪಿಸಿದಾಗಲೂ, ಯಂತ್ರ ಕೂಡಿ ಕಳೆಯಬಲ್ಲದೇ ಹೊರತು ತಾನೇ ಪ್ರೋಗ್ರಾಂ ತಯಾರಿಸಲಾರದು ಎಂದು ನಂಬಿದವರೇ ಹೆಚ್ಚು. ಮುಂದೆ ವ್ಯಾಪಾರದ ಲೆಕ್ಕಗಳಿಗೆ ಬಳಕೆಯಾದ ಕೊಬಾಲ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬುನಾದಿಯಾದದ್ದು ಅವರದ್ದೇ ಕೆಲಸ. ಸಾಫ್ಟ್‌ವೇರ್ ಎಷ್ಟು ಕಷ್ಟದ್ದು, ಎಷ್ಟು ದುಬಾರಿಯದ್ದು ಎಂಬುದು 1960ರ ದಶಕದಲ್ಲಿ ಕಂಪನಿಗಳಿಗೆ ಅರ್ಥವಾದ ಮೇಲೆ ಸಂಬಳ ಏರಿತು, ಮರ್ಯಾದೆ ಏರಿತು, ಕುರ್ಚಿಯಲ್ಲಿ ಕೂರುವವರೂ ಬದಲಾದರು.

ಬದಲಾದ ಬಗೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಪ್ರೋಗ್ರಾಮರ್‌ಗಳಿಗೆ ಬೇಡಿಕೆ ಹೆಚ್ಚಿದಾಗ, ಈ ಕೆಲಸಕ್ಕೆ ಎಂಥವರು ತಕ್ಕವರು ಎಂದು ಗುರುತಿಸುವ ಪರೀಕ್ಷೆಗಳು ಹುಟ್ಟಿಕೊಂಡವು. ಆ ದಶಕದಲ್ಲಿ ವಿಲಿಯಂ ಕ್ಯಾನನ್ ಮತ್ತು ಡಾಲಿಸ್ ಪೆರ್ರಿ ಎಂಬ ಮನಶ್ಶಾಸ್ತ್ರಜ್ಞರು 1,378 ಪ್ರೋಗ್ರಾಮರ್‌ಗಳನ್ನು ಸಮೀಕ್ಷೆ ಮಾಡಿದರು. ಅವರಲ್ಲಿ ಹೆಂಗಸರು 186 ಮಾತ್ರ. ಬಂದ ತೀರ್ಮಾನ ಇದು: ಪ್ರೋಗ್ರಾಮರ್‌ಗಳಿಗೆ ಒಗಟು ಬಿಡಿಸುವುದು ಇಷ್ಟ, ಜನರ ಸಹವಾಸ ಅಷ್ಟಕ್ಕಷ್ಟೆ. ಸಮೀಕ್ಷೆ ಹೇಳಿದ್ದು ಆಗ ಕೆಲಸದಲ್ಲಿದ್ದವರು ಹೇಗಿದ್ದರು ಎಂದು. ಅದನ್ನು ಓದಿಕೊಂಡದ್ದು ಮಾತ್ರ ಪ್ರೋಗ್ರಾಮರ್ ಹೇಗಿರಬೇಕು ಎಂಬಂತೆ. ಇಂಥ ಅಳತೆಗೋಲು ಹಿಡಿದು ಆಯ್ಕೆ ಮಾಡಿದರೆ ಒಳಗೆ ಬರುವವರು ಒಂದೇ ಅಚ್ಚಿನವರು. ಅವರನ್ನು ಮತ್ತೆ ಅಳೆದರೆ ಅದೇ ಅಚ್ಚು ಸಿಗುತ್ತದೆ. ಬೆಳಕು ಕಡಿಮೆ ಇರುವ ಕೋಣೆಯಲ್ಲಿ ಒಂಟಿಯಾಗಿ ಕೂತು ರಾತ್ರಿಯಿಡೀ ಕೋಡ್ ಬರೆಯುವ ಮಾತು ಕಡಿಮೆಯ ಯುವಕನ ಚಿತ್ರ ನಿಸರ್ಗದ ಕೊಡುಗೆಯಲ್ಲ. ನೇಮಕಾತಿ ವಿಭಾಗಗಳಿಗೆ ಅದರಲ್ಲಿ ದೊಡ್ಡ ಪಾಲಿದೆ.

ಅದೇ ಹೊತ್ತಿಗೆ ಬ್ರಿಟನ್ನಿನಲ್ಲಿ ಇನ್ನೊಂದು ಪ್ರಯೋಗ ನಡೆದಿತ್ತು. 1962ರಲ್ಲಿ ಸ್ಟೆಫನಿ ಶರ್ಲಿ ಆರು ಪೌಂಡ್ ಬಂಡವಾಳದಲ್ಲಿ ಮನೆಯಿಂದಲೇ ಒಂದು ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಮದುವೆಯಾದ ಮೇಲೆ, ಮಗು ಆದ ಮೇಲೆ ಕೆಲಸ ಬಿಟ್ಟಿದ್ದ ಪ್ರೋಗ್ರಾಮರ್ ಹೆಂಗಸರನ್ನು ಹುಡುಕಿ ಹುಡುಕಿ ಸೇರಿಸಿಕೊಂಡರು. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಹೆಂಗಸರು. ಎಲ್ಲರೂ ತಂತಮ್ಮ ಮನೆಯಲ್ಲಿ, ತಮಗೆ ಸಾಧ್ಯವಾದ ಹೊತ್ತಿನಲ್ಲಿ, ಕಾಗದದ ಮೇಲೆ ಪೆನ್ಸಿಲ್ಲಿನಿಂದ ಪ್ರೋಗ್ರಾಂ ಬರೆಯುತ್ತಿದ್ದರು. ಸ್ಟೆಫನಿ ಎಂದು ಸಹಿ ಹಾಕಿ ಕಳಿಸಿದ ಪತ್ರಗಳಿಗೆ ಉತ್ತರ ಬಾರದೇ ಹೋದಾಗ 'ಸ್ಟೀವ್' ಎಂದು ಸಹಿ ಹಾಕತೊಡಗಿದರು, ಉತ್ತರಗಳು ಬರತೊಡಗಿದವು. ಮನೆಯಲ್ಲಿ ಮಕ್ಕಳ ಗಲಾಟೆ ಫೋನಿನಲ್ಲಿ ಕೇಳದಿರಲಿ ಎಂದು ಟೈಪ್‌ರೈಟರ್ ಸದ್ದಿನ ಟೇಪ್ ಹಾಕಿಡುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಕಾನ್‌ಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸಿನ ಪ್ರೋಗ್ರಾಮಿಂಗ್ ಈ ತಂಡದ್ದು. 1975ರಲ್ಲಿ ಲಿಂಗತಾರತಮ್ಯ ತಡೆಯುವ ಕಾನೂನು ಬಂದಾಗ ಹೆಂಗಸರಿಗೇ ಆದ್ಯತೆ ಕೊಡುವ ಈ ಕಂಪನಿಯ ನೀತಿಯೇ ಕಾನೂನುಬಾಹಿರವಾಯಿತು, ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು. ತಮಾಷೆ ಪಕ್ಕಕ್ಕಿರಲಿ, ಶರ್ಲಿ ಯಾರಿಗೂ ಪ್ರೋತ್ಸಾಹದ ಭಾಷಣ ಮಾಡಲಿಲ್ಲ. ಕೆಲಸ ಬಲ್ಲವರು ಮನೆಯಲ್ಲಿ ಕೂತಿದ್ದರು, ಕೆಲಸದ ಏರ್ಪಾಟನ್ನು ಅವರಿಗೆ ಒಗ್ಗುವಂತೆ ಮಾಡಿದರು.

ಇನ್ನು ಕಾಲೇಜಿನ ಮಾತು. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಪದವಿ ಪಡೆಯುವವರಲ್ಲಿ ಹೆಂಗಸರ ಪಾಲು 1980ರ ದಶಕದ ಮಧ್ಯಭಾಗದಲ್ಲಿ ಸುಮಾರು ಶೇ. 37ಕ್ಕೆ ಮುಟ್ಟಿತ್ತು. 2010ರ ಹೊತ್ತಿಗೆ ಅದು ಶೇ. 18ರ ಆಸುಪಾಸಿಗೆ ಕುಸಿಯಿತು. ಅದೇ ಅವಧಿಯಲ್ಲಿ ವೈದ್ಯಕೀಯ, ಕಾನೂನು ಕೋರ್ಸ್‌ಗಳಲ್ಲಿ ಅವರ ಪಾಲು ಏರುತ್ತಲೇ ಇತ್ತು. ಒಂದೇ ಪೀಳಿಗೆಯಲ್ಲಿ ಹೆಣ್ಣಿನ ಮಿದುಳು ಬದಲಾಗುವುದಿಲ್ಲ. ಬದಲಾದದ್ದು ಮನೆಯೊಳಗೆ ಬಂದ ಪರ್ಸನಲ್ ಕಂಪ್ಯೂಟರ್. ಅದನ್ನು ಹುಡುಗರ ಆಟದ ಸಾಮಾನಿನಂತೆ ಜಾಹೀರಾತು ಮಾಡಿ ಮಾರಿದರು. ಅದು ಮಗನ ಕೋಣೆ ಸೇರಿತು. ಕಾಲೇಜಿನ ಮೊದಲ ವರ್ಷಕ್ಕೆ ಬರುವಷ್ಟರಲ್ಲಿ ಒಂದಷ್ಟು ಹುಡುಗರಿಗೆ ಐದಾರು ವರ್ಷದಿಂದ ಕೈ ಪಳಗಿರುತ್ತಿತ್ತು. ಮೇಷ್ಟ್ರುಗಳು ಪಾಠವನ್ನು ಅವರ ಮಟ್ಟಕ್ಕೆ ಏರಿಸಿಕೊಂಡರು. ಏನೂ ಗೊತ್ತಿಲ್ಲದೆ ಬಂದವಳಿಗೆ ಅನ್ನಿಸಿದ್ದು 'ನಾನಿನ್ನೂ ಕಲಿತಿಲ್ಲ' ಎಂದಲ್ಲ, 'ಇದು ನನ್ನ ಕೈಲಾಗುವುದಲ್ಲ' ಎಂದು.

ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜೇನ್ ಮಾರ್ಗೋಲಿಸ್ ಮತ್ತು ಆಲನ್ ಫಿಶರ್ 1990ರ ದಶಕದ ಕೊನೆಯ ವರ್ಷಗಳಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿ ಮಾತಾಡಿಸಿ ಇದನ್ನೆಲ್ಲ ದಾಖಲಿಸಿದರು. ಮೊದಲೇ ಕೋಡಿಂಗ್ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ನಡುವಿನ ಅಂತರ ಓದು ಮುಗಿಯುವ ಹೊತ್ತಿಗೆ ಹೇಳಿಕೊಳ್ಳುವಂಥದ್ದಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ಕಂಡ ಮುಖ್ಯ ವಿಷಯ. ಹಾಗಾದರೆ ಪ್ರವೇಶದಲ್ಲಿ ಆ ಅನುಭವಕ್ಕೆ ಅಷ್ಟು ತೂಕ ಯಾಕೆ? ವಿಶ್ವವಿದ್ಯಾಲಯ ಆ ತೂಕವನ್ನು ಇಳಿಸಿತು, ಗೊತ್ತಿಲ್ಲದವರು ಶುರು ಮಾಡುವ ಪಾಠಕ್ಕೆ ಬೇರೆ ದಾರಿ ಮಾಡಿತು. ಗಣಿತದ ಮಟ್ಟ ಕೆಳಗಿಳಿಸಲಿಲ್ಲ. 1995ರಲ್ಲಿ ಮೊದಲ ವರ್ಷಕ್ಕೆ ಸೇರಿದವರಲ್ಲಿ ಹೆಣ್ಣುಮಕ್ಕಳು ಶೇ. 7, 2000ದಲ್ಲಿ ಶೇ. 42.

ಕ್ಯಾಲಿಫೋರ್ನಿಯಾದ ಹಾರ್ವೆ ಮಡ್ ಕಾಲೇಜಿನದ್ದೂ ಇಂಥದ್ದೇ ಕತೆ. ಗಣಿತಜ್ಞೆ ಮರಿಯಾ ಕ್ಲಾವೆ 2006ರಲ್ಲಿ ಅಲ್ಲಿನ ಅಧ್ಯಕ್ಷೆಯಾದರು. ಅಲ್ಲಿನ ಮೇಷ್ಟ್ರುಗಳು ಕಂಪ್ಯೂಟರ್ ಸೈನ್ಸ್‌ನ ಮೊದಲ ಕೋರ್ಸನ್ನು ಅನುಭವ ಇದ್ದವರಿಗೆ ಒಂದು, ಇಲ್ಲದವರಿಗೆ ಒಂದು ಎಂದು ಒಡೆದರು, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜಾಗಕ್ಕೆ ಕಲಿಯಲು ಸುಲಭವಾದ ಪೈಥಾನ್ ಬಂತು. ನನಗೆ ಹೆಚ್ಚು ಹಿಡಿಸುವುದು ಒಂದು ಸಣ್ಣ ಕ್ರಮ. ಎಲ್ಲ ಪ್ರಶ್ನೆಗೂ ತಾನೇ ಉತ್ತರಿಸಿ, ತನಗೆ ಗೊತ್ತಿರುವುದನ್ನೆಲ್ಲ ಕ್ಲಾಸಿನ ಮುಂದೆ ಹರಡುವ ವಿದ್ಯಾರ್ಥಿಯನ್ನು ಮೇಷ್ಟ್ರು ಆಮೇಲೆ ಪಕ್ಕಕ್ಕೆ ಕರೆದು, ನಿನ್ನ ಜೊತೆ ಮಾತಾಡುವುದು ಖುಷಿ, ಆದರೆ ಆ ಚರ್ಚೆ ಕ್ಲಾಸಿನ ಹೊರಗೆ ಇಟ್ಟುಕೊಳ್ಳೋಣ ಎಂದು ಮೆತ್ತಗೆ ಹೇಳುತ್ತಿದ್ದರು. ಖರ್ಚಿಲ್ಲದ ಕೆಲಸ. ಕೆಲವೇ ವರ್ಷಗಳಲ್ಲಿ ಕಂಪ್ಯೂಟರ್ ಸೈನ್ಸ್ ಆರಿಸಿಕೊಳ್ಳುವವರಲ್ಲಿ ಹೆಣ್ಣುಮಕ್ಕಳ ಪಾಲು ಶೇ. 10ರಿಂದ 40ರ ಹತ್ತಿರಕ್ಕೆ ಬಂತು.

ಕೋಣೆಯ ಅಲಂಕಾರವೂ ಮಾತಾಡುತ್ತದೆ. ಮನಶ್ಶಾಸ್ತ್ರಜ್ಞೆ ಸಪ್ನಾ ಚೆರಿಯನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಒಂದು ಕೋಣೆಗೆ ವೈಜ್ಞಾನಿಕ ಕಲ್ಪನೆಯ ಪೋಸ್ಟರ್, ವಿಡಿಯೋ ಗೇಮ್ ಪೆಟ್ಟಿಗೆಗಳು. ಇನ್ನೊಂದಕ್ಕೆ ಪ್ರಕೃತಿಯ ಚಿತ್ರ, ಸಾಮಾನ್ಯ ಪುಸ್ತಕಗಳು. ಮೊದಲನೆಯ ಕೋಣೆಯಲ್ಲಿ ಕೂತ ಹೆಣ್ಣುಮಕ್ಕಳು ಕಂಪ್ಯೂಟರ್ ಸೈನ್ಸ್ ಬಗ್ಗೆ ತೋರಿಸಿದ ಆಸಕ್ತಿ ಎರಡನೆಯ ಕೋಣೆಯವರಿಗಿಂತ ಕಡಿಮೆ. ಪಠ್ಯ ಬದಲಾಗಿರಲಿಲ್ಲ, ಮೇಷ್ಟ್ರು ಇರಲೇ ಇಲ್ಲ. ಸಾಮರ್ಥ್ಯದ ಮಾತಿಗೆ ಬಂದರೆ, 2018ರ ಐಸಿಐಎಲ್‌ಎಸ್ ಎಂಬ ಅಂತರರಾಷ್ಟ್ರೀಯ ಮೌಲ್ಯಮಾಪನದಲ್ಲಿ ಎಂಟನೇ ತರಗತಿ ಮಕ್ಕಳ ಕಂಪ್ಯೂಟರ್ ಮತ್ತು ಮಾಹಿತಿ ಬಳಕೆಯ ಜಾಣ್ಮೆ ಅಳೆದಾಗ ಹುಡುಗಿಯರ ಸರಾಸರಿಯೇ ಮೇಲಿತ್ತು. ಪ್ರೋಗ್ರಾಂ ಬರೆಯಲು ನಿನಗೆ ಬರುತ್ತದೆಯೇ ಎಂದು ಕೇಳಿದಾಗ ಮಾತ್ರ ಧೈರ್ಯವಾಗಿ ಹೂಂ ಅಂದವರಲ್ಲಿ ಹುಡುಗರು ಮುಂದೆ.

ಮಲೇಷ್ಯಾದ ಉದಾಹರಣೆಯಂತೂ 'ಸಹಜ ಆಸಕ್ತಿ'ಯ ವಾದದ ಬುಡವನ್ನೇ ಅಲುಗಾಡಿಸುತ್ತದೆ. ಅಲ್ಲಿನ ವಿಶ್ವವಿದ್ಯಾಲಯಗಳ ಕಂಪ್ಯೂಟರ್ ವಿಭಾಗಗಳಲ್ಲಿ ವಿದ್ಯಾರ್ಥಿಗಳ ಸುಮಾರು ಅರ್ಧದಷ್ಟು ಹೆಣ್ಣುಮಕ್ಕಳು ಎಂಬುದನ್ನು ನಾರ್ವೆ, ಸ್ವೀಡನ್ನಿನ ಸಂಶೋಧಕರು ಹೋಗಿ ನೋಡಿ ಬೆರಗಾಗಿ ಬರೆದಿದ್ದಾರೆ. ನೆರಳಿನಲ್ಲಿ ಕೂತು ಮಾಡುವ ಕೆಲಸ, ಮೈಮುರಿಯುವಂಥದ್ದಲ್ಲ, ಒಳ್ಳೆಯ ಸಂಬಳ: ಅಲ್ಲಿ ಇದೇ ಹೆಣ್ಣುಮಕ್ಕಳಿಗೆ ಹೇಳಿ ಮಾಡಿಸಿದ ವೃತ್ತಿ. ಅದೇ ಕೀಬೋರ್ಡು, ಅದೇ ಅಲ್ಗಾರಿದಮ್. ಒಂದು ದೇಶದಲ್ಲಿ ಗಂಡಸಿನದು, ಇನ್ನೊಂದರಲ್ಲಿ ಹೆಂಗಸಿನದು. ಭಾರತದಲ್ಲೂ ಕಂಪ್ಯೂಟರ್ ತರಗತಿಗಳಲ್ಲಿ ಹುಡುಗಿಯರ ಬೆಂಚು ಖಾಲಿ ಇರುವುದಿಲ್ಲ. ಐಟಿ ಉದ್ಯೋಗಿಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಹೆಂಗಸರೇ. ಆದರೆ ಮೇಲಿನ ಹುದ್ದೆಗಳ ಪಟ್ಟಿ ನೋಡುತ್ತ ಹೋದಂತೆ ಅವರ ಹೆಸರು ವಿರಳವಾಗುತ್ತ ಹೋಗುತ್ತದೆ. ಹಾಗಾಗಿ ಬಾಗಿಲು ತೆರೆದರೆ ಸಾಕು ಎನ್ನುವವರು ಈ ಎರಡನೇ ಅರ್ಧವನ್ನೂ ನೋಡಬೇಕು. ಬಂದವರು ಎಲ್ಲಿ ಹೋದರು?

ಇದಕ್ಕೆ ಸಾಮಾನ್ಯವಾಗಿ ಸಿಗುವ ಉತ್ತರ 'ಮದುವೆ, ಮಕ್ಕಳು'. ಅದರಲ್ಲಿ ಸತ್ಯ ಇಲ್ಲದಿಲ್ಲ, ಆದರೆ ಅದು ತುಂಬ ಅನುಕೂಲದ ಉತ್ತರ. ಕಂಪನಿಯ ತಪ್ಪೇನೂ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳಲು ಬರುತ್ತದೆ. ಕೆಲಸದ ಜಾಗದಲ್ಲಿ ದಿನವೂ ನಡೆಯುವುದನ್ನು ನೋಡೋಣ.

ಒಂದು ಟೀಮಿನಲ್ಲಿ ಎರಡು ಬಗೆಯ ಕೆಲಸ ಇರುತ್ತದೆ. ಹೊಸ ಸಿಸ್ಟಂ ವಿನ್ಯಾಸ ಮಾಡುವುದು, ಕಷ್ಟದ ಬಗ್, ಅಂದರೆ ಕೋಡಿನ ದೋಷ ಹಿಡಿಯುವುದು, ಗ್ರಾಹಕರ ಮುಂದೆ ಡೆಮೊ ಕೊಡುವುದು ಒಂದು ಬಗೆ. ಮೀಟಿಂಗ್‌ನಲ್ಲಿ ನೋಟ್ಸ್ ಬರೆಯುವುದು, ಡಾಕ್ಯುಮೆಂಟ್ ತಿದ್ದುವುದು, ಹೊಸಬರಿಗೆ ದಾರಿ ತೋರಿಸುವುದು, ಎರಡು ಟೀಮುಗಳ ನಡುವೆ ಮನಸ್ತಾಪ ಬಂದರೆ ಸರಿ ಮಾಡುವುದು ಇನ್ನೊಂದು ಬಗೆ. ಎರಡನೆಯದು ಇಲ್ಲದೆ ಪ್ರಾಜೆಕ್ಟ್ ಮುಂದೆ ಸಾಗದು, ಆದರೆ ಅಪ್ರೈಸಲ್ ಫಾರ್ಮಿನಲ್ಲಿ ಅದಕ್ಕೆ ಕಾಲಮ್ ಇರುವುದಿಲ್ಲ. ಲಿಂಡಾ ಬಾಬ್‌ಕಾಕ್, ಲೀಸ್ ವೆಸ್ಟರ್‌ಲುಂಡ್ ಮೊದಲಾದ ಅರ್ಥಶಾಸ್ತ್ರಜ್ಞೆಯರು 2017ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ಅಳೆದರು: ಯಾರಾದರೂ ಒಬ್ಬರು ಮಾಡಲೇಬೇಕಾದ, ಆದರೆ ಮಾಡಿದವರಿಗೆ ಉಳಿದವರಿಗಿಂತ ಕಡಿಮೆ ಲಾಭ ಸಿಗುವ ಕೆಲಸ. ಗಂಡು ಹೆಣ್ಣು ಬೆರೆತ ಗುಂಪಿನಲ್ಲಿ ಹೆಂಗಸರೇ ಹೆಚ್ಚಾಗಿ ಮುಂದೆ ಬಂದರು. ಯಾರನ್ನಾದರೂ ಕೇಳು ಎಂದಾಗ ಗಂಡಸರೂ ಹೆಂಗಸರೂ ಇಬ್ಬರೂ ಹೆಚ್ಚಾಗಿ ಕೇಳಿದ್ದು ಹೆಂಗಸರನ್ನೇ. ಬರೀ ಗಂಡಸರ ಗುಂಪು ಮಾಡಿದಾಗ? ಕೆಲಸ ನಿಲ್ಲಲಿಲ್ಲ, ಗಂಡಸರೇ ಸಲೀಸಾಗಿ ಮಾಡಿದರು. ಹೆಂಗಸರಿಗೆ ಇಂಥ ಕೆಲಸ ಒಲಿದು ಬಂದ ಗುಣವಲ್ಲ, ಅವರು ಮಾಡುತ್ತಾರೆ ಎಂದು ಎಲ್ಲರೂ ಕಾದು ಕೂರುತ್ತಾರೆ ಎಂಬುದು ಇದರಿಂದ ಗೊತ್ತಾಗುತ್ತದೆ. ಸರದಿಯ ಪಟ್ಟಿ ಹಾಕಿದರೆ ಮುಗಿಯುವ ಸಮಸ್ಯೆ ಇದು.

ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸುವ ಕೋಡ್ ರಿವ್ಯೂ ಕೂಡ ನಿಷ್ಪಕ್ಷಪಾತ ಎಂದು ನಾವು ಅಂದುಕೊಂಡಿರುತ್ತೇವೆ. ಕೋಡ್ ಓಡುತ್ತದೆ ಅಥವಾ ಓಡುವುದಿಲ್ಲ, ಅಲ್ಲಿ ಹೆಣ್ಣೇನು ಗಂಡೇನು? ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ಜಾಲತಾಣದಲ್ಲಿ ಲಕ್ಷಗಟ್ಟಲೆ ಪುಲ್ ರಿಕ್ವೆಸ್ಟ್‌ಗಳನ್ನು, ಅಂದರೆ ನನ್ನ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆಗಳನ್ನು, ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಒಟ್ಟಾರೆ ಹೆಂಗಸರು ಕಳಿಸಿದ ಕೋಡ್ ಸ್ವೀಕಾರವಾಗುವ ಪ್ರಮಾಣವೇ ತುಸು ಹೆಚ್ಚಿತ್ತು. ಪ್ರಾಜೆಕ್ಟಿಗೆ ಹೊಸಬರಾಗಿದ್ದು, ಪ್ರೊಫೈಲ್ ನೋಡಿದರೆ ಹೆಣ್ಣು ಎಂದು ಗೊತ್ತಾಗುವಂತಿದ್ದಾಗ ಮಾತ್ರ ಆ ಪ್ರಮಾಣ ಗಂಡಸರಿಗಿಂತ ಕೆಳಗಿಳಿಯಿತು. ಸ್ಟೀವ್ ಎಂದು ಸಹಿ ಹಾಕಿದ ಕಾಲಕ್ಕೂ ಇದಕ್ಕೂ ಅರ್ಧ ಶತಮಾನಕ್ಕೂ ಹೆಚ್ಚಿನ ಅಂತರ ಇದೆ.

ಮಕ್ಕಳ ವಿಷಯಕ್ಕೆ ಈಗ ಬರೋಣ. ಸಮಾಜಶಾಸ್ತ್ರಜ್ಞೆ ಶೆಲ್ಲಿ ಕೊರೆಲ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಮಾನ ಅರ್ಹತೆಯ ಕಾಲ್ಪನಿಕ ರೆಸ್ಯೂಮೆಗಳನ್ನು ನಿಜವಾದ ಉದ್ಯೋಗದಾತರಿಗೆ ಕಳಿಸಿದರು. ಒಂದರಲ್ಲಿ ಮಾತ್ರ ಪೋಷಕರ ಸಂಘವೊಂದರಲ್ಲಿ ಪದಾಧಿಕಾರಿ ಎಂಬ ಸಾಲು, ಅಂದರೆ ಮಕ್ಕಳಿದ್ದಾರೆ ಎಂಬ ಸುಳಿವು. ತಾಯಿಗೆ ಬಂದ ಕರೆಗಳು ಮಕ್ಕಳಿಲ್ಲದ ಹೆಂಗಸಿಗೆ ಬಂದದ್ದರ ಸುಮಾರು ಅರ್ಧ. ತಂದೆಗೆ ಅಂಥ ಪೆಟ್ಟು ಬೀಳಲಿಲ್ಲ. ಮಗುವಿನಿಂದಾಗಿ ಆಕೆ ಕೆಲಸ ಬಿಟ್ಟಳು ಎನ್ನುವ ಕತೆಗಳಲ್ಲಿ ಮಗುವಿದೆ ಎಂದು ಕೆಲಸ ಕೊಡದವರೂ ಸೇರಿರುತ್ತಾರೆ.

ಅರ್ಥಶಾಸ್ತ್ರದ ನೊಬೆಲ್ ಅನ್ನು 2023ರಲ್ಲಿ ಪಡೆದ ಕ್ಲಾಡಿಯಾ ಗೋಲ್ಡಿನ್ ತೋರಿಸಿಕೊಟ್ಟ ಒಂದು ಸಂಗತಿ ಐಟಿಗೆ ಚೆನ್ನಾಗಿ ಹೊಂದುತ್ತದೆ. ಯಾವ ಹೊತ್ತಿನಲ್ಲಿ ಕರೆದರೂ ಸಿಗುವವರಿಗೆ ವಿಪರೀತ ಹೆಚ್ಚು ಬೆಲೆ ಕಟ್ಟುವ ಉದ್ಯೋಗಗಳಲ್ಲಿ ಗಂಡು ಹೆಣ್ಣಿನ ಸಂಬಳದ ಅಂತರ ದೊಡ್ಡದು. ಒಬ್ಬರ ಜಾಗದಲ್ಲಿ ಇನ್ನೊಬ್ಬರು ಸುಲಭವಾಗಿ ನಿಂತು ಕೆಲಸ ಮುಂದುವರಿಸಬಹುದಾದ ಕಡೆ, ಅವರ ಉದಾಹರಣೆಯಲ್ಲಿ ಔಷಧಾಲಯದ ಫಾರ್ಮಸಿಸ್ಟ್ ಕೆಲಸ, ಅಂತರ ಸಣ್ಣದು. ಈಗ ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಸರ್ವರ್, ಅಂದರೆ ಗ್ರಾಹಕರು ಬಳಸುತ್ತಿರುವ ಯಂತ್ರ, ಕೆಟ್ಟು ನಿಂತಿದೆ ಎಂದುಕೊಳ್ಳಿ. ಅದರ ಮರ್ಮ ಗೊತ್ತಿರುವುದು ಒಬ್ಬನಿಗೇ. ಅವನು ಎದ್ದು ಲ್ಯಾಪ್‌ಟಾಪ್ ತೆಗೆದು ಬೆಳಗಿನ ಜಾವದ ಹೊತ್ತಿಗೆ ಸರಿ ಮಾಡುತ್ತಾನೆ, ಮರುದಿನ ಎಲ್ಲರೂ ಅವನನ್ನು ಹೊಗಳುತ್ತಾರೆ, ಮುಂದಿನ ಪ್ರಮೋಷನ್ ಅವನದು. ಆ ಸಿಸ್ಟಂ ಯಾಕೆ ಒಬ್ಬನ ತಲೆಯಲ್ಲಿ ಮಾತ್ರ ಇದೆ, ಡಾಕ್ಯುಮೆಂಟ್ ಯಾಕೆ ಇಲ್ಲ ಎಂದು ಯಾರೂ ಕೇಳುವುದಿಲ್ಲ. ನಿಜವಾಗಿ ಅದು ಕಳಪೆ ಇಂಜಿನಿಯರಿಂಗ್. ಅವನು ಜ್ವರ ಬಂದು ಮಲಗಿದರೆ ಕಂಪನಿಯೂ ಮಲಗುತ್ತದೆ. ತುರ್ತು ಕರೆಗೆ ಸಿದ್ಧರಿರುವ ಆನ್-ಕಾಲ್ ಸರದಿ, ಎಲ್ಲರಿಗೂ ಅರ್ಥವಾಗುವ ಡಾಕ್ಯುಮೆಂಟ್, ಇಬ್ಬರಿಗಾದರೂ ಗೊತ್ತಿಲ್ಲದ ಕೋಡ್ ಪ್ರೊಡಕ್ಷನ್‌ಗೆ ಹೋಗಬಾರದು ಎಂಬ ನಿಯಮ: ಇವು ಸಾಫ್ಟ್‌ವೇರಿನ ಒಳಿತಿಗಾಗಿ ಮಾಡಬೇಕಾದ ಕೆಲಸಗಳು. ಮಹಿಳಾ ಕಲ್ಯಾಣದ ತಲೆಬರಹ ಇವಕ್ಕೆ ಬೇಕಿಲ್ಲ, ಆದರೆ ಪುಟ್ಟ ಮಗುವಿರುವ ಇಂಜಿನಿಯರ್ ಟೀಮಿನಲ್ಲಿ ಉಳಿಯುತ್ತಾಳೋ ಇಲ್ಲವೋ ಎಂಬುದನ್ನು ಬಹಳಷ್ಟು ಸಲ ಇವೇ ತೀರ್ಮಾನಿಸುತ್ತವೆ.

ಕೆರಿಯರ್ ಬ್ರೇಕ್ ತೆಗೆದುಕೊಂಡು ಮರಳುವವರಿಗೆ ಹೇಳುವ ಒಂದು ಮಾತು ನನಗೆ ಎಂದೂ ಒಪ್ಪಿಗೆಯಾಗಿಲ್ಲ: 'ತಂತ್ರಜ್ಞಾನ ತುಂಬ ಬದಲಾಗಿಬಿಟ್ಟಿದೆ.' ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಹುಟ್ಟಿದ್ದು 1969ರಲ್ಲಿ, ದತ್ತಾಂಶ ಹುಡುಕುವ ಭಾಷೆ ಎಸ್‌ಕ್ಯೂಎಲ್ 1970ರ ದಶಕದಲ್ಲಿ, ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಮತ್ತು ಪೈಥಾನ್ 1991ರಲ್ಲಿ. ಬ್ಯಾಂಕುಗಳಲ್ಲಿ ಇವತ್ತಿಗೂ ಕೊಬಾಲ್ ಓಡುತ್ತಿದೆ. ಎರಡು ಮೂರು ವರ್ಷದಲ್ಲಿ ಬದಲಾಗುವುದು ಟೂಲ್‌ಗಳು, ಫ್ರೇಮ್‌ವರ್ಕ್‌ಗಳ (ಕೋಡ್ ಬರೆಯಲು ಸಿದ್ಧವಾಗಿ ಸಿಗುವ ಚೌಕಟ್ಟುಗಳ) ಆವೃತ್ತಿ. ಅವನ್ನು ಕೆಲಸದಲ್ಲಿ ಇದ್ದವರೂ ಪ್ರಾಜೆಕ್ಟ್ ಬದಲಾದಾಗ ಕೆಲವು ವಾರಗಳಲ್ಲಿ ಕಲಿತುಕೊಳ್ಳುತ್ತಾರೆ. ಒಂದೇ ಹಳೇ ಪ್ರಾಜೆಕ್ಟಿನಲ್ಲಿ ಎಂಟು ವರ್ಷ ಕೂತವನನ್ನು ಯಾರೂ ಹೀಗೆ ಪ್ರಶ್ನಿಸುವುದಿಲ್ಲ. ಮರಳುವವರಿಗಾಗಿ ಕೆಲವು ಕಂಪನಿಗಳು ತಿಂಗಳುಗಟ್ಟಲೆಯ ಸಂಬಳಸಹಿತ ತರಬೇತಿ ನಡೆಸುತ್ತವೆ. ಅದು ಒಳ್ಳೆಯದೇ. ತರಬೇತಿ ಮುಗಿದ ಮೇಲೆ ಹಳೆಯ ಹುದ್ದೆಗಿಂತ ಎರಡು ಮೆಟ್ಟಿಲು ಕೆಳಗೆ, ಹೊಸಬರ ಸಂಬಳಕ್ಕೆ ಸೇರಿಸಿಕೊಂಡರೆ ಮಾತ್ರ ಅದು ಅಗ್ಗದಲ್ಲಿ ಅನುಭವಿಗಳನ್ನು ಕೊಳ್ಳುವ ದಾರಿಯಾಗುತ್ತದೆ.

'ಹೀಗೆಲ್ಲ ಮಾಡಿದರೆ ಮೆರಿಟ್ ಗತಿ ಏನು' ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಮೇಲೆ ಹೇಳಿದ ಯಾವ ಕ್ರಮವೂ ಯಾರಿಗೂ ಅಂಕ ಬಿಟ್ಟುಕೊಡುವುದಿಲ್ಲ. ಕೆಲಸಕ್ಕೆ ಸಂಬಂಧವಿಲ್ಲದ್ದನ್ನು ಅಳೆಯುವುದನ್ನು ನಿಲ್ಲಿಸುತ್ತದೆ, ಅಷ್ಟೆ. ಹಳೆಯ ಅಳತೆಯನ್ನು ಯಂತ್ರಕ್ಕೆ ಕಲಿಸಿದರೆ ಏನಾಗುತ್ತದೆ ಎಂಬುದಕ್ಕೂ ಸಾಕ್ಷಿ ಇದೆ. ಅಮೆಜಾನ್ ಹತ್ತು ವರ್ಷಗಳಲ್ಲಿ ತನಗೆ ಬಂದ ರೆಸ್ಯೂಮೆಗಳಿಂದ ಕಲಿಯುವ ಆಯ್ಕೆ ತಂತ್ರಾಂಶವೊಂದನ್ನು ಪ್ರಯೋಗಿಸಿತ್ತು. ಆ ರೆಸ್ಯೂಮೆಗಳು ಬಹುಪಾಲು ಗಂಡಸರವು. ಮಹಿಳಾ ಚೆಸ್ ಕ್ಲಬ್ಬಿನ ನಾಯಕಿ ಎಂಬಂಥ ಸಾಲು ಕಂಡರೆ ತಂತ್ರಾಂಶ ಅಂಕ ಕಳೆಯುತ್ತಿತ್ತು. ಕಂಪನಿ ಅದನ್ನು ಕೈಬಿಟ್ಟಿತು ಎಂಬ ಸುದ್ದಿ 2018ರಲ್ಲಿ ಹೊರಬಂತು. ಅದೇ ವರ್ಷ ಜಾಯ್ ಬುವಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಮುಖ ನೋಡಿ ಲಿಂಗ ಗುರುತಿಸುವ ವಾಣಿಜ್ಯ ತಂತ್ರಾಂಶಗಳನ್ನು ಪರೀಕ್ಷಿಸಿದರು: ಬಿಳಿ ಚರ್ಮದ ಗಂಡಸರಲ್ಲಿ ತಪ್ಪು ಶೇ. 0.8ರ ಒಳಗೆ, ಕಪ್ಪು ಚರ್ಮದ ಹೆಂಗಸರಲ್ಲಿ ಶೇ. 34.7ರವರೆಗೆ. ಆ್ಯಪಲ್ 2014ರಲ್ಲಿ ತಂದ ಆರೋಗ್ಯ ಆ್ಯಪ್ ಸೋಡಿಯಂ ಸೇವನೆವರೆಗೂ ಲೆಕ್ಕ ಇಡುತ್ತಿತ್ತು. ಮುಟ್ಟಿನ ದಿನಗಳ ಲೆಕ್ಕ ಸೇರಿದ್ದು ಮರುವರ್ಷ. ವಿನ್ಯಾಸದ ಮೇಜಿನಲ್ಲಿ ಕೂತವರಿಗೆ ಅದು ಹೊಳೆದಿರಲಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಈ ಲೆಕ್ಕಾಚಾರ ಇನ್ನೂ ಬಿಗಿಯಾಗುತ್ತಿದೆ. ಯಾಂತ್ರೀಕರಣಕ್ಕೆ ಹೆಚ್ಚು ಸಿಕ್ಕುವುದು ಕಚೇರಿ ಸಹಾಯಕ ಕೆಲಸಗಳು, ಅವುಗಳಲ್ಲಿ ಹೆಂಗಸರೇ ಹೆಚ್ಚು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2023ರಲ್ಲೇ ಹೇಳಿದೆ. ಐಟಿಯೊಳಗೂ ಮ್ಯಾನುಯಲ್ ಟೆಸ್ಟಿಂಗ್, ಡಾಕ್ಯುಮೆಂಟೇಷನ್, ಸಪೋರ್ಟ್ ಇದೇ ಸಾಲಿಗೆ ಬರುತ್ತವೆ. 'ನಿನಗೆ ಇದು ಆರಾಮ' ಎಂದು ಹೆಣ್ಣುಮಕ್ಕಳನ್ನು ವರ್ಷಗಟ್ಟಲೆ ಅಲ್ಲೇ ಕೂರಿಸಿದ್ದರ ಬಿಲ್ಲು ಈಗ ಬರಲಿದೆ.

ಬ್ರಿಟನ್ನಿನಲ್ಲಿ 2017ರಿಂದ, 250 ಅಥವಾ ಅದಕ್ಕೂ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆಗಳು ಗಂಡು ಹೆಣ್ಣಿನ ಸಂಬಳದ ಅಂತರವನ್ನು ಪ್ರತಿ ವರ್ಷ ಬಹಿರಂಗಪಡಿಸಬೇಕು. ಇಂಥ ನಿಯಮ ಇಲ್ಲದ ಕಡೆ ಕಂಪನಿಗಳು ತೋರಿಸುವುದು ಹೊಸದಾಗಿ ಸೇರಿಸಿಕೊಂಡವರ ಸಂಖ್ಯೆಯನ್ನು. ಬಿಟ್ಟು ಹೋದವರ ಸಂಖ್ಯೆಯನ್ನಲ್ಲ. ಆದರೂ ಇಂಟರ್‌ವ್ಯೂ ಕೊನೆಯಲ್ಲಿ 'ನಿಮ್ಮದೇನಾದರೂ ಪ್ರಶ್ನೆ?' ಎಂದು ಕೇಳಿಯೇ ಕೇಳುತ್ತಾರೆ. ಈ ಟೀಮಿನಲ್ಲಿ ಐದು ವರ್ಷ ದಾಟಿದ ಹೆಂಗಸರು ಎಷ್ಟು ಮಂದಿ, ಹೆರಿಗೆ ರಜೆಯಿಂದ ಬಂದವರು ಅದೇ ಪ್ರಾಜೆಕ್ಟಿಗೆ ಮರಳಿದರೇ, ಆನ್-ಕಾಲ್ ಸರದಿ ಎಷ್ಟು ವಾರಕ್ಕೊಮ್ಮೆ, ಕಳೆದ ವರ್ಷ ಟೆಕ್ ಲೀಡ್, ಅಂದರೆ ಟೀಮಿನ ತಾಂತ್ರಿಕ ಮುಖ್ಯಸ್ಥರು ಆದವರು ಯಾರು: ಇಷ್ಟನ್ನು ಕೇಳಬಹುದು. ಎದುರಿಗೆ ಕೂತವರು ಸಂಖ್ಯೆ ಹೇಳುತ್ತಾರೋ ಅಥವಾ ಕಂಪನಿಯ ಮಹಿಳಾ ದಿನಾಚರಣೆಯ ಬಗ್ಗೆ ಹೇಳುತ್ತಾರೋ ನೋಡಿಕೊಂಡು ಆಫರ್ ಲೆಟರ್‌ಗೆ ಸಹಿ ಹಾಕಬಹುದು.